ಎರಡು ಬೊಗಸೆ ಬೀಜ

ಹುನಗುಂದದ ಸಂತೆಯಲ್ಲಿ ಯಲ್ಲವ್ವ ಕುಂಬಳಕಾಯಿ ಒಡೆದಾಗ ಒಂದು ವಾಸನೆ ಬರುತ್ತದೆ. ತಣ್ಣಗಿನ, ಹಸಿಯಾದ, ಸ್ವಲ್ಪ ಸೌತೆಕಾಯಿಯ, ಸ್ವಲ್ಪ ಒದ್ದೆ ಮಣ್ಣಿನ ವಾಸನೆ. ಹಳೆಯ ಬಾವಿಯೊಳಗೆ ಬಗ್ಗಿ ನೋಡಿದರೆ ಮುಖಕ್ಕೆ ಬಡಿಯುತ್ತದಲ್ಲ, ಹಾಗೆ. ಸಂತೆಯ ಉಳ್ಳಾಗಡ್ಡಿ, ಮೆಣಸಿನಕಾಯಿ, ಬೀಡಿಯ ಹೊಗೆ ಎಲ್ಲವನ್ನೂ ದಾಟಿ ಅದು ನನ್ನನ್ನು ಹುಡುಕಿಕೊಂಡು ಬರುತ್ತದೆ. ಯಲ್ಲವ್ವ ರಾಮಥಾಳದ ಕಡೆಯವಳು. ಆಕೆಯ ಕಾಯಿಗಳೆಲ್ಲ ಒಂದೇ ಅಚ್ಚಿನಲ್ಲಿ ತೆಗೆದಂತೆ ಸಣ್ಣವು, ಒಂದು ಕೈಯಲ್ಲಿ ಹಿಡಿಯುವಂಥವು. "ಅಕ್ಕಾರ, ಇಡೀದ ಒಯ್ರಿ, ಸಣ್ಣದೈತಿ" ಎಂದು ಆಕೆ ಪ್ರತಿ ವಾರ ಹೇಳುತ್ತಾಳೆ. "ಬ್ಯಾಡ, ನೀನ ಒಡದ ಕೊಡು" ಎಂದು ನಾನೂ ಪ್ರತಿ ವಾರ ಹೇಳುತ್ತೇನೆ. ನಮ್ಮ ಕಡೆ ಹೆಣ್ಣುಮಕ್ಕಳು ಇಡೀ ಕುಂಬಳಕಾಯಿಗೆ ಮೊದಲ ಏಟು ಹಾಕುವುದಿಲ್ಲ. ಅದು ಮನೆಯ ಹಿರಿಮಗನಿದ್ದ ಹಾಗೆ ಎನ್ನುತ್ತಾರೆ. ಗಂಡಸು ಒಮ್ಮೆ ಒಡೆದುಕೊಟ್ಟರೆ ಆಮೇಲೆ ಹೆಚ್ಚುವುದು, ಬೇಯಿಸುವುದು ಎಲ್ಲ ಹೆಂಗಸರದೇ. ಸಂತೆಯಲ್ಲಿ ಕೂತು ಹೊಟ್ಟೆ ಹೊರೆಯುವ ಯಲ್ಲವ್ವನಿಗೆ ಇದೆಲ್ಲ ನಡೆಯುವುದಿಲ್ಲ, ಆಕೆ ಗಕ್ಕನೆ ಒಡೆಯುತ್ತಾಳೆ. ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಕಲಿಸುವ ನಾನು ಈ ವಯಸ್ಸಿನಲ್ಲೂ ಅಂಜುತ್ತೇನೆಂದು ಆಕೆಗೆ ನಗು. ನಗಲಿ. ನಾನೂ ಅದನ್ನೆಲ್ಲ ನಂಬುವವಳಲ್ಲ. ನನ್ನ ಕಾರಣ ಬೇರೆಯೇ ಇದೆ, ಅದನ್ನು ಸಂತೆಯಲ್ಲಿ ನಿಂತು ಹೇಳಲಾಗುವುದಿಲ್ಲ.

ನಮ್ಮ ಮನೆ ಆಗ ನವನಗರದಲ್ಲಿತ್ತು. ನವನಗರವೆಂದರೆ ನಿಮಗೆ ಗೊತ್ತಲ್ಲ, ಹಳೆಯ ಬಾಗಲಕೋಟೆಯ ಮೇಲೆ ಆಣೆಕಟ್ಟಿನ ಹಿನ್ನೀರು ಬಂದಾಗ ಎದ್ದು ಬಂದವರಿಗೆಲ್ಲ ಗೆರೆ ಎಳೆದು ಹಂಚಿದ ಊರು. ಹೆಸರಿಗಿಂತ ನಂಬರು ಹೇಳಿದರೆ ಮನೆ ಬೇಗ ಸಿಗುತ್ತಿತ್ತು. ಮನೆಯಲ್ಲಿ ನಾವು ನಾಲ್ವರು: ನಾನು ಆಯಿ ಎಂದು ಕರೆಯುತ್ತಿದ್ದ ಅಜ್ಜಿ, ಅವ್ವ, ನಾನು, ಕಾಕಾ. ನಾನು ಹುಟ್ಟಿದ ವರ್ಷವೇ ಅಪ್ಪ ತೀರಿಕೊಂಡಿದ್ದ. ಅಪ್ಪನ ತಮ್ಮ ಶಿವಪ್ಪ ಕಾಕಾ ಮದುವೆಯಾಗಲಿಲ್ಲ. ಯಾಕೆಂದು ಕೇಳಿದರೆ, "ಕುಂಬಳಬಳ್ಳಿ ಜೋಡಿ ಸಂಸಾರ ನಡದೈತಿ, ಇನ್ನೊಬ್ಬಾಕಿನ ಎಲ್ಲಿ ಕುಂದರಸಲಿ?" ಎನ್ನುತ್ತಿದ್ದ. ಮಾತು ತಮಾಷೆಯದು, ಸಂಗತಿ ಮಾತ್ರ ಖರೆ. ಘಟಪ್ರಭೆಯ ದಂಡೆಯಲ್ಲಿ ನಮಗೊಂದು ಹೊಲವಿತ್ತಂತೆ, ಅದರಲ್ಲಿ ನಮ್ಮ ಅಜ್ಜನ ಕಾಲದಿಂದ ಒಂದು ಜಾತಿಯ ಕುಂಬಳ ಬೆಳೆಯುತ್ತಿತ್ತು. ಎರಡು ಮಂದಿ ಕಂಬಳಿಯಲ್ಲಿ ಹೊತ್ತು ತರುವಂಥ ಕಾಯಿ. ಬೀಜ ಹೆಬ್ಬೆರಳಿನಷ್ಟು ಅಗಲ, ಅಂಚಿಗೆ ಬೂದುಬಣ್ಣದ ಒಂದು ಸಣ್ಣ ಗೆರೆ. ಹೊಲ ನೀರೊಳಗೆ ಹೋಯಿತು. ಬೀಜವೊಂದು ಕಾಕಾನ ಅಂಗಿಯ ಜೇಬಿನಲ್ಲಿ ಕೂತು ನವನಗರಕ್ಕೆ ಬಂತು. ಹಳೆಯ ಮನೆಯ ಬಾಗಿಲು, ಬೀಸುಕಲ್ಲು, ದೇವರ ಮಾಡದ ಹಲಗೆ ಎಲ್ಲವನ್ನೂ ಎಲ್ಲರಂತೆ ನಾವೂ ತಂದಿದ್ದೆವು, ಆದರೆ ಅವು ಇದ್ದಷ್ಟೇ ಇದ್ದವು. ಬೀಜ ಮಾತ್ರ ಅಲ್ಲಿಯದೂ ಹೌದು, ಪ್ರತಿ ವರ್ಷ ಹೊಸದೂ ಹೌದು.

ಹಿತ್ತಲಿನ ನೆಲ ಬರೀ ಗರಸು. ಹಾರೆ ಹಾಕಿದರೆ ಕಿಡಿ ಬರಬೇಕು. ಅದಕ್ಕೆ ಕಾಕಾ ಒಂದು ದಾರಿ ಹುಡುಕಿದ್ದ. ಬೇಸಿಗೆಯಲ್ಲಿ ಹಿನ್ನೀರು ಹಿಂದೆ ಸರಿದಾಗ ನಮ್ಮ ಮುಳುಗಿದ ಹೊಲ ಕೆಲವು ವಾರ ಮೇಲೆ ಬರುತ್ತಿತ್ತು. ಬದು ಇರಲಿಲ್ಲ, ಗಿಡ ಇರಲಿಲ್ಲ. ಒಂದು ಬೇವಿನ ಮರದ ಬೊಡ್ಡೆಯ ಗುರುತಿನ ಮೇಲೆ ಕಾಕಾ, "ಇದ ನಮ್ಮದು, ಇಲ್ಲಿಂದ ಅಲ್ಲೀತನ" ಎಂದು ನಡೆದು ತೋರಿಸುತ್ತಿದ್ದ. ಒಡೆದು ಹಂಚಿನ ಚೂರಿನಂತೆ ಎದ್ದ ಕಪ್ಪು ಮಣ್ಣನ್ನು ಚೀಲಕ್ಕೆ ತುಂಬಿ, ಸೈಕಲ್ಲಿಗೆ ಕಟ್ಟಿ, ನವನಗರದ ಏರು ರಸ್ತೆಯುದ್ದಕ್ಕೂ ತಳ್ಳಿಕೊಂಡು ಬರುತ್ತಿದ್ದ. ಹಿಂದಿನಿಂದ ಚೀಲಕ್ಕೆ ಕೈಕೊಟ್ಟು ನೂಕುವವಳು ನಾನು. ದಾರಿಯಲ್ಲಿ ಸಿಕ್ಕವರು, "ಏನಲೇ ಶಿವಪ್ಪ, ಹೊಲಾ ಹೊತಗೊಂಡ ಹೊಂಟಿ?" ಎಂದರೆ ಅವನು, "ಹೂಂನಪಾ, ಸರಕಾರದವರು ರೊಕ್ಕ ಕೊಟ್ಟಿದ್ದು ಹೊಲಕ್ಕ, ಮಣ್ಣಿಗಲ್ಲ" ಎನ್ನುತ್ತಿದ್ದ. ಹಿತ್ತಲಿನಲ್ಲಿ ಮೂರು ಗುಂಡಿ. ಅವುಗಳ ತುಂಬ ಆ ಮಣ್ಣು, ಮೇಲೆ ಸಗಣಿ ಗೊಬ್ಬರ. ಮೊದಲ ಮಳೆಗೆ ಬೀಜ ಹಾಕಿದರೆ ನಾಲ್ಕಾರು ದಿನದಲ್ಲಿ ಎರಡು ದಪ್ಪ ಎಲೆ ನೆಲ ಎತ್ತಿ ಹೊರಗೆ ಬರುತ್ತಿದ್ದವು. ಆ ದಿನ ಕಾಕಾ ಬೆಳಗಿನ ಚಹಾ ಕುಡಿಯುವುದನ್ನೂ ಮರೆಯುತ್ತಿದ್ದ.

ದೊಡ್ಡ ಕಾಯಿ ಬೆಳೆಯುವುದೆಂದರೆ ಉಳಿದ ಕಾಯಿಗಳನ್ನು ಕೊಲ್ಲುವುದು, ಇದು ನನಗೆ ಗೊತ್ತಾಗಿದ್ದು ಕಾಕಾನಿಂದ. ಬಳ್ಳಿಗೆ ಒಂದೇ ಕಾಯಿ; ಮೂರು ಬಳ್ಳಿಯಲ್ಲಿ ದೊಡ್ಡದೊಂದೇ ಬೀಜಕ್ಕೆ, ಉಳಿದೆರಡು ಎಳೆಯವಿದ್ದಾಗಲೇ ಪಲ್ಯಕ್ಕೆ. ಮಿಕ್ಕ ಪೀಚುಗಳನ್ನೆಲ್ಲ ಅವನು ಉಗುರಿನಿಂದ ಚಿವುಟಿ ಹಾಕುತ್ತಿದ್ದ, ಆಮೇಲೆ ತಪ್ಪು ಮಾಡಿದವನಂತೆ ಬಳ್ಳಿಯ ಮೇಲೆ ಕೈಯಾಡಿಸುತ್ತಿದ್ದ. ಹೆಣ್ಣು ಹೂವು ನಾಳೆ ಅರಳುತ್ತದೆ ಎನ್ನುವ ಸಂಜೆ ಅದರ ಬಾಯಿಗೆ ಅಜ್ಜಿಯ ಹಳೆಯ ಇಲಕಲ್ ಸೀರೆಯ ಸೆರಗಿನಿಂದ ಎಳೆದ ಕೆಂಪು ರೇಷ್ಮೆ ಎಳೆ ಕಟ್ಟುತ್ತಿದ್ದೆವು, ಊರಿನ ಯಾವ ದುಂಬಿಯೂ ಕಂಡಕಂಡ ಬಳ್ಳಿಯ ಧೂಳನ್ನು ತರಬಾರದೆಂದು. ಬೆಳಿಗ್ಗೆ ಬಿಸಿಲು ಏರುವ ಮೊದಲು ಆ ಎಳೆ ಬಿಚ್ಚಿ, ನಮ್ಮದೇ ಬಳ್ಳಿಯ ಗಂಡು ಹೂವು ಕಿತ್ತು ಒಳಗೆ ಸವರುವ ಕೆಲಸ ನನ್ನದು. ನನ್ನ ಬೆರಳು ಸಣ್ಣವು ಎಂಬುದು ಅವನ ವಾದ. ಕಾಯಿ ಹಿಡಿದ ಮೇಲೆ ಅದಕ್ಕೆ ಯಾರೂ ಬೆರಳು ತೋರಿಸುವಂತಿರಲಿಲ್ಲ, ತೋರಿಸಿದರೆ ಕೊಳೆಯುತ್ತದೆ. ನೋಡಲು ಬಂದವರಿಗೆಲ್ಲ ಕಾಕಾ ಮೊದಲೇ, "ಕೈ ಕಟಗೊಂಡ ನೋಡ್ರಿ" ಎಂದು ಹೇಳಿಬಿಡುತ್ತಿದ್ದ; ದೊಡ್ಡ ದೊಡ್ಡ ಮೀಸೆಯವರು ಶಾಲೆಯ ಮಕ್ಕಳಂತೆ ಕೈಕಟ್ಟಿ ನಿಲ್ಲುತ್ತಿದ್ದರು. ಮಧ್ಯಾಹ್ನದ ಬಿಸಿಲಿಗೆ ಅದೇ ಹಳೆಯ ಸೀರೆಯನ್ನು ಅದರ ಮೇಲೆ ನೆರಳಿಗೆ ಕಟ್ಟುತ್ತಿದ್ದ. "ನನ್ನ ಲಗ್ನದ ಸೀರಿ ಉಟಗೊಂಡ ಕುಂತೈತಿ ನೋಡ, ಮೊಮ್ಮಗಳ ಇದ್ದಂಗ" ಎಂದು ಅಜ್ಜಿ ಬೈಯುತ್ತಿದ್ದಳು. ಬೈಯುತ್ತಲೇ ಸೀರೆಯ ಅಂಚು ಸರಿ ಮಾಡುತ್ತಿದ್ದಳು.

ಸಂಕ್ರಾಂತಿಯ ಆಸುಪಾಸಿನಲ್ಲಿ ನವನಗರದ ಮೈದಾನದಲ್ಲಿ ತರಕಾರಿಗಳ ಪ್ರದರ್ಶನ ನಡೆಯುತ್ತಿತ್ತು. ಬದನೆ, ಗಜ್ಜರಿ, ಬಾಳೆಗೊನೆ ಎಲ್ಲವುಗಳಿಗೂ ಒಂದೊಂದು ಮೇಜು. ಕುಂಬಳಕ್ಕೆ ಮಾತ್ರ ಮೇಜು ಸಾಲದೆ ನೆಲದ ಮೇಲೆ ಜಮಖಾನೆ. ಪ್ರತಿ ವರ್ಷ ಅಲ್ಲಿ ಕಡೆಗೆ ಉಳಿಯುತ್ತಿದ್ದವರು ಇಬ್ಬರೇ: ನಮ್ಮ ಕಾಕಾ, ಮತ್ತು ಶಿವಯೋಗ ಮಂದಿರದ ಮಗ್ಗುಲಿನ ಹಳ್ಳಿಯ ಗುರುಪಾದಪ್ಪ. ಮಲಪ್ರಭೆಯ ದಂಡೆಯ ಮಣ್ಣು, ಎತ್ತರದ ಆಳು, ಮೈಯಲ್ಲಿ ವಿಭೂತಿಯ ವಾಸನೆ. ಕಾಕಾನಿಗಿಂತ ಇಪ್ಪತ್ತು ವರ್ಷ ದೊಡ್ಡವರು, ಕಾಕಾನನ್ನು ಲೇ ಎನ್ನುವಷ್ಟು ಸಲಿಗೆ. ಸೋತ ವರ್ಷ ಅವರು ನಮ್ಮ ಕಾಯಿಯ ಸುತ್ತ ಒಂದು ಸುತ್ತು ಹಾಕಿ, ಗೆಣ್ಣಿನಿಂದ ಬಡಿದು ಕಿವಿ ಇಟ್ಟು ಕೇಳಿ, "ಶಿವಪ್ಪ, ಹೆಣ್ಣ ಕೇಳಿದಂಗ ಕೇಳಾಕತ್ತೇನಿ, ನಾಕ ಬೀಜ ಕೊಡಲೇ" ಎನ್ನುತ್ತಿದ್ದರು. ಕಾಕಾ ನಗುತ್ತಲೇ ಇಲ್ಲವೆಂದು ತಲೆ ಆಡಿಸುತ್ತಿದ್ದ. "ಉಳದಿದ್ದು ಇದೊಂದ ಐತಿ ಯಜಮಾನ್ರ. ಇದೂ ಮನಿ ಬಿಟ್ಟು ಹ್ವಾದ್ರ ನಮ್ಮ ಹೊಲಾ ಇನ್ನೊಮ್ಮೆ ಮುಳಗಿದಂಗ." ಅವರು ಬೇಸರ ಮಾಡಿಕೊಳ್ಳುತ್ತಿರಲಿಲ್ಲ, ಮುಂದಿನ ವರ್ಷ ಮತ್ತೆ ಕೇಳುತ್ತಿದ್ದರು. ಇವತ್ತು ಬರೆಯುವಾಗ ಅನ್ನಿಸುತ್ತದೆ, ಆ ನಾಲ್ಕು ಬೀಜ ಕೊಟ್ಟಿದ್ದರೆ ಏನಾಗುತ್ತಿತ್ತು? ನಾವು ಒಂದು ವರ್ಷ ಸೋಲುತ್ತಿದ್ದೆವು, ಅಷ್ಟೇ. ಗೆದ್ದರೆ ಸಿಗುತ್ತಿದ್ದದ್ದಾದರೂ ಏನು, ಒಂದು ಸ್ಟೀಲಿನ ಕೊಡ. ಮನೆಯಲ್ಲಿ ಅಂಥ ಕೊಡಗಳು ಅಟ್ಟದ ಮೇಲೆ ಒಂದರ ಮೇಲೊಂದು ಕೂತಿದ್ದವು.

ಬೀಜವನ್ನು ಹೊರಗೆ ಕೊಡದಿರುವುದು ಒಂದು ಹಟವಾದರೆ, ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಗೆದ್ದ ಕಾಯಿ ಮನೆಗೆ ಬಂದ ಸಂಜೆ ಹಿಂದಿನ ವರ್ಷದ ಬೀಜ ಏನು ಉಳಿದಿದೆಯೋ ಅದನ್ನೆಲ್ಲ ಗಡಿಗೆಯಿಂದ ಸುರಿದು, ಉಪ್ಪು ಹಚ್ಚಿ, ಹಂಚಿನ ಮೇಲೆ ಹುರಿದು ತಿಂದುಬಿಡುವುದು ನಮ್ಮ ಮನೆಯ ಪದ್ಧತಿ. ಹೊಸದು ಬಂದ ಮೇಲೆ ಹಳೆಯದು ಇರಬಾರದು, ಇದ್ದರೆ ಯಾವತ್ತೋ ಒಂದು ದಿನ ಕಲೆತುಹೋಗುತ್ತದೆ, ಜಾತಿ ಇಳಿಯುತ್ತದೆ ಎಂದು ಅಜ್ಜ ಹೇಳುತ್ತಿದ್ದನಂತೆ. ಶಿವರಾತ್ರಿಯ ಮರುದಿನ ಕಾಕಾ ಕುಡುಗೋಲು ತೊಳೆದು, ಕಾಯಿಗೆ ಕೈಮುಗಿದು ಒಡೆಯುತ್ತಿದ್ದ. ಬೀಜ ಮನೆಯೊಳಗೆ ಉಳಿಯುತ್ತಿತ್ತು, ತಿರುಳು ಓಣಿಯ ಎಲ್ಲ ಮನೆಗೂ ಹೋಗುತ್ತಿತ್ತು. ಅವ್ವ ಗಾರಿಗೆ ಮಾಡುತ್ತಿದ್ದಳು. ಖರೆ ಹೇಳಬೇಕೆಂದರೆ ಆ ಕಾಯಿಗೆ ರುಚಿಯೇ ಇರಲಿಲ್ಲ, ನೀರುನೀರು; ಇದ್ದ ರುಚಿಯೆಲ್ಲ ಬೆಲ್ಲದ್ದು. ಹುರಿದ ಬೀಜ ಮಾತ್ರ ಬಲು ರುಚಿ. ಆ ಕೊನೆಯ ವರ್ಷದ ಸಂಜೆ ಹಂಚಿನ ಮೇಲೆ ಉಳಿದ ಹಿಡಿಯಷ್ಟನ್ನು ಲಂಗದಲ್ಲಿ ಕಟ್ಟಿಕೊಂಡು ಹೋಗಿ ಹಿತ್ತಲಿನ ಕಟ್ಟೆಯ ಮೇಲೆ ಕೂತು ತಿಂದವಳು ನಾನೇ.

ಆ ವರ್ಷದ ಕಾಯಿ ಎಲ್ಲ ವರ್ಷಗಳಿಗಿಂತ ದೊಡ್ಡದು. ನಾಲ್ಕು ಜನ ಹೊತ್ತು ತಂದು ಪಡಸಾಲೆಯ ಮೂಲೆಯಲ್ಲಿ ಹುಲ್ಲಿನ ಸಿಂಬಿಯ ಮೇಲೆ ಕೂರಿಸಿದರು. ಅದಾದ ಎಂಟು ಹತ್ತು ದಿನಕ್ಕೆ ಕಾಕಾನ ಕಾಲು ಬಾತವು, ಆಮೇಲೆ ಹೊಟ್ಟೆ. ಶಿವರಾತ್ರಿಗೆ ಮೊದಲೇ ಅವನು ದವಾಖಾನೆ ಸೇರಿದ. ಹೊಟ್ಟೆಯಲ್ಲಿ ನೀರು ತುಂಬುತ್ತದೆ, ತೆಗೆಯುತ್ತಾರೆ, ಮತ್ತೆ ತುಂಬುತ್ತದೆ. "ನೀಲಾ, ನನಗೂ ಒಂದ ಕಾಯಿ ಆಗೈತಿ ನೋಡು. ಬೆರಳ ತೋರಸಬ್ಯಾಡ ಮತ್ತ" ಎಂದು ಹೊದಿಕೆ ಸರಿಸಿ ತೋರಿಸಿದ. ಅವ್ವ ಸೆರಗು ಬಾಯಿಗೆ ಹಚ್ಚಿಕೊಂಡು ಹೊರಗೆ ಹೋದಳು. ನಾನು ಮಾತ್ರ ನಕ್ಕೆ. ಅವನು ನನ್ನನ್ನು ನಗಿಸಲೆಂದೇ ಹೇಳಿದ್ದು, ನಕ್ಕರೆ ಅವನಿಗೆ ಸಮಾಧಾನ ಆಗುತ್ತದೆಂದು ನನಗೆ ಗೊತ್ತಿತ್ತು.

ಶಿವರಾತ್ರಿ ಹೋಯಿತು. ಕಾಯಿ ಹಾಗೇ ಕೂತಿತ್ತು. ಬಾಜೂ ಮನೆಯವರು ಬಂದು ತಾವು ಒಡೆದುಕೊಡುತ್ತೇವೆಂದರು. ಅಜ್ಜಿ, "ಒಡ್ಯಾಂವ ಅದಾನ, ಬರ್ತಾನ" ಎಂದಳು. ಅಷ್ಟೇ ಮಾತು. ಬೇರೊಬ್ಬ ಗಂಡಸಿನ ಕೈಯಿಂದ ಒಡೆಸಿದರೆ ಈ ಮನೆಯಲ್ಲಿ ಇನ್ನು ಗಂಡಸಿಲ್ಲ ಎಂದು ತಾನೇ ಒಪ್ಪಿಕೊಂಡ ಹಾಗೆ ಎಂದು ಅವಳಿಗೆ ಅನ್ನಿಸಿತ್ತು. ಒಬ್ಬ ಮಗನ ವಿಷಯದಲ್ಲಿ ಒಮ್ಮೆ ಒಪ್ಪಿಕೊಂಡಿದ್ದಳಲ್ಲ, ಇನ್ನೊಮ್ಮೆ ಅವಳಿಂದ ಆಗಲಿಲ್ಲ. ಬೆಳಿಗ್ಗೆ ಎದ್ದು ದೇವರಿಗೆ ಹೂವು ಹಾಕಿದ ಮೇಲೆ ಕಾಯಿಯ ಮೇಲೂ ಒಂದು ಹೂವು ಇಡುತ್ತಿದ್ದಳು. ಅವ್ವ ಏನಾದರೂ ಹೇಳಬಹುದಿತ್ತು, ಅವಳು ಹೇಳುವವಳಲ್ಲ. ಹೀಗೆ ಮೂರು ಹೆಣ್ಣುಮಕ್ಕಳು ಒಂದು ಕಾಯಿಯನ್ನು ನಡುವೆ ಇಟ್ಟುಕೊಂಡು ಕಾದೆವು.

ಯುಗಾದಿಯಾದ ಮೇಲೆ ಒಂದು ಮಧ್ಯಾಹ್ನ ಅವ್ವ ಔಷಧಿ ತರಲು ಕೆಳಗೆ ಹೋದಾಗ ಕಾಕಾ ನನ್ನನ್ನು ಹತ್ತಿರ ಕರೆದ. ತುಟಿ ಒಡೆದಿದ್ದವು. ಧ್ವನಿ ಎಲ್ಲೋ ದೂರದಿಂದ ಬಂದಂತಿತ್ತು. "ಕಾಯಿ ಒಡದಿಲ್ಲ ಹೌದಿಲ್ಲೋ? ನಿಮ್ಮ ಆಯಿ ಒಡಸೂದಿಲ್ಲ, ನನಗ ಗೊತ್ತೈತಿ. ನೀ ಒಡಿ." ನಾನು, "ಹೆಣ್ಣಮಕ್ಕಳು ಒಡೀಬಾರದು" ಎಂದೆ. "ಹೂವ ಕೂಡಸಿದಾಕಿ ನೀನ. ನೀನ ಒಡಿ. ಬ್ಯಾಸಗಿ ಬಂತು, ಒಳಗ ಬೀಜಕ್ಕ ಕಾವು ಹತ್ತತೈತಿ. ಕುಡುಗೋಲು ಅಟ್ಟದ ಮ್ಯಾಲೆ ಕೊಡದಾಗ ಐತಿ. ಬೀಜ ತಗದು, ತೊಳದು, ನೆಳ್ಳಾಗ ಒಣಗ ಹಾಕು. ಬಿಸಲಾಗ ಬ್ಯಾಡ. ಆಯಿಗೆ ಹೇಳಬ್ಯಾಡ, ಆಮ್ಯಾಲೆ ನಾ ಹೇಳತೇನಿ." ಇಷ್ಟು ಹೇಳಲು ಅವನಿಗೆ ಬಹಳ ಹೊತ್ತು ಹಿಡಿಯಿತು. ನಾನು ಹೂಂ ಎಂದು ಕೈಮೇಲೆ ಕೈ ಹಾಕಿದೆ.

ಮರುದಿನ ಅಜ್ಜಿ, ಅವ್ವ ಇಬ್ಬರೂ ದವಾಖಾನೆಗೆ ಹೋದಾಗ ನಾನು ಅಟ್ಟ ಹತ್ತಿ ಕುಡುಗೋಲು ತಂದೆ. ಪಡಸಾಲೆಯ ಬಾಗಿಲು ಹಾಕಿದೆ. ಕಾಯಿಯ ಮೇಲೆ ಅಜ್ಜಿ ಬೆಳಿಗ್ಗೆ ಇಟ್ಟ ಕಣಗಿಲ ಹೂವು ಇತ್ತು, ಅದನ್ನು ತೆಗೆದು ಪಕ್ಕಕ್ಕಿಟ್ಟೆ. ಗುರುಪಾದಪ್ಪ ಮಾಡುತ್ತಿದ್ದಂತೆ ಗೆಣ್ಣಿನಿಂದ ಬಡಿದು ಕಿವಿ ಇಟ್ಟೆ. ಚೆನ್ನಾಗಿಯೇ ಕೇಳಿಸಿತು. ಕುಡುಗೋಲಿನ ಬಾಯಿ ಸಿಪ್ಪೆಗೆ ತಾಗಿಸಿ ನಿಂತೆ. ಒಂದು ಒತ್ತು ಒತ್ತಿದ್ದರೆ ಮುಗಿಯುತ್ತಿತ್ತು. ನನಗೆ ಆಗ ಹತ್ತು ವರ್ಷ. ಹತ್ತು ವರ್ಷದವಳ ತಲೆಯಲ್ಲಿ ಬಂದ ವಿಚಾರ ಇಷ್ಟೇ: ಇದನ್ನು ನಾನೇ ಒಡೆದುಬಿಟ್ಟರೆ ಕಾಕಾ ಮನೆಗೆ ಬರುವುದಾದರೂ ಯಾಕೆ? ಇದು ಇಡಿಯಾಗಿ ಇರುವಷ್ಟು ದಿನ ಅವನಿಗೆ ಇಲ್ಲೊಂದು ಕೆಲಸ ಬಾಕಿ ಇರುತ್ತದೆ. ನಾನು ಕುಡುಗೋಲು ಮತ್ತೆ ಕೊಡದಲ್ಲಿಟ್ಟೆ. ಹೂವನ್ನು ಇದ್ದಲ್ಲೇ ಇಟ್ಟೆ. ಕಾಯಿಯ ಮೇಲೆ ಒಂದು ಸಣ್ಣ ಗೀರು ಉಳಿದಿತ್ತು, ಅದಕ್ಕೆ ಸುಣ್ಣ ಹಚ್ಚಿದೆ.

ಮುಂದಿನ ವಾರ ನಾನು ಹೋದಾಗ ಅವನು ಕಣ್ಣು ಮುಚ್ಚಿಕೊಂಡಿದ್ದ. ನನ್ನ ಕೈಬಳೆಯ ಸಪ್ಪಳಕ್ಕೆ ತೆರೆದ. "ಒಡದೀ?" ಎಂದ. ನಾನು, "ಒಡದೆ" ಎಂದೆ.

"ಎಷ್ಟ ಬಂದ್ವು?"

"ಎರಡ ಬೊಗಸಿ."

"ನನ್ನ ಬೊಗಸಿಲೆನೋ, ನಿನ್ನ ಬೊಗಸಿಲೆನೋ?"

"ನಿನ್ನ ಬೊಗಸಿಲೆ."

ಅವನ ಮುಖದಲ್ಲಿ ನಗು ಬಂತು. ಎಷ್ಟೋ ದಿನಗಳ ಮೇಲೆ ಬಂದ ನಗು, ನನ್ನನ್ನು ನಗಿಸಲು ತಂದದ್ದಲ್ಲ, ಅವನದೇ. "ಎಲ್ಲೆ ಒಣಗ ಹಾಕೀ?" ಎಂದ. "ಅಟ್ಟದ ಮ್ಯಾಲೆ, ನೆಳ್ಳಾಗ" ಎಂದೆ. "ಶಾಣ್ಯಾಕಿ ಅದಿ" ಎಂದು ನನ್ನ ಬೆರಳುಗಳನ್ನು ಹಿಡಿದುಕೊಂಡು ಮಲಗಿದ. ಮೂರು ದಿನ ಬಿಟ್ಟು ತೀರಿಕೊಂಡ. ಅಷ್ಟರೊಳಗೆ ನಾನು ಸಿಂಬಿಯ ಹುಲ್ಲು ಸರಿಮಾಡಲು ಹೋಗಿ ಕಾಯಿಯ ಕೆಳಗೆ ಒದ್ದೆ ಕಲೆ ಕಂಡಿದ್ದೆ. ಬೆರಳಿಟ್ಟರೆ ಒಳಗೆ ಹೋಗುವಷ್ಟು ಮೆತ್ತಗೆ. ಯಾರಿಗೂ ಹೇಳಲಿಲ್ಲ, ಕಲೆ ಕಾಣದಂತೆ ಸುತ್ತ ಒಣ ಹುಲ್ಲು ತುರುಕಿದೆ.

ಮಣ್ಣಾದ ಮೂರನೇ ದಿನ ಗುರುಪಾದಪ್ಪ ಮಾತನಾಡಿಸಲು ಬಂದರು. ಪಡಸಾಲೆಯಲ್ಲಿ ಆಗಲೇ ವಾಸನೆ ತುಂಬಿತ್ತು. ಊದಿನಕಡ್ಡಿಯ ಹೊಗೆಯೊಳಗೂ ಅದು ಏನೆಂದು ಗೊತ್ತಾಗುತ್ತಿತ್ತು. ಅವರು ಎದ್ದು ಹೋಗಿ ಕಾಯಿಗೆ ಗೆಣ್ಣು ಬಡಿದರು. ಕಿವಿ ಇಡುವ ಅಗತ್ಯ ಬೀಳಲಿಲ್ಲ. ಅಜ್ಜಿಯ ಕಡೆ ನೋಡಿದರು. ಅಜ್ಜಿ ನೆಲ ನೋಡುತ್ತ, "ಒಡೀರಿ. ಇನ್ನ ಯಾರ ಬರಬೇಕಾಗೈತಿ" ಎಂದಳು. ಅಟ್ಟದಿಂದ ಕುಡುಗೋಲು ತಂದುಕೊಟ್ಟವಳು ನಾನೇ. ಅವರಿಗೆ ಬಲ ಹಾಕಬೇಕಾಗಲಿಲ್ಲ, ಕಾಯಿ ತಾನೇ ಬಾಯಿ ಬಿಟ್ಟಿತು. ಒಳಗೆ ಬೀಜಗಳೆಲ್ಲ ಮೊಳೆತಿದ್ದವು. ಬಿಳಿಯ ಉದ್ದುದ್ದ ಕಾಂಡಗಳು ಒಂದಕ್ಕೊಂದು ಸುತ್ತಿಕೊಂಡು, ತುದಿಯಲ್ಲಿ ಬೆಳಕು ಕಾಣದ ಹಳದಿ ಎಲೆಗಳನ್ನು ಹೊತ್ತು, ಪೊಳ್ಳಿನ ತುಂಬ ಬೆಳೆದಿದ್ದವು. ಹೊರಗೆ ಹೋಗಲು ದಾರಿ ಹುಡುಕಿ ಸಿಪ್ಪೆಗೆ ಒತ್ತಿಕೊಂಡಿದ್ದವು. ಕೆಳಗಿನವು ಕೊಳೆತು ನೀರಾಗಿದ್ದವು. ಗುರುಪಾದಪ್ಪ ತಲೆಯ ರುಮಾಲು ತೆಗೆದು ಹೆಗಲಿಗೆ ಹಾಕಿಕೊಂಡರು. "ಮನಿ ಬಾಗಲಾ ತಗೀಲಿಲ್ಲ ಅಂತ ಒಳಗ ಹುಟ್ಟ್ಯಾವಲ್ಲವ್ವ" ಎಂದರು. ಅಜ್ಜಿ ಆಗ ಅತ್ತಳು. ಮಗನ ಹೆಣ ಎತ್ತುವಾಗ ಅಳದವಳು, ಅವತ್ತು ಅತ್ತಳು.

ಇನ್ನೂ ಗಟ್ಟಿಯಾಗಿದ್ದ ಕೆಲವು ಮೊಳಕೆಗಳನ್ನು ಅವರು ಒದ್ದೆ ಬಟ್ಟೆಯಲ್ಲಿ ಸುತ್ತಿ ತೆಗೆದರು. ಅರ್ಧ ನಮ್ಮ ಹಿತ್ತಲಿನ ಗುಂಡಿಗಳಿಗೆ. ಆ ಬೇಸಿಗೆ ಹೊಸ ಮಣ್ಣು ಯಾರೂ ತಂದಿರಲಿಲ್ಲ. ಅಜ್ಜಿ ತನ್ನ ಸೀರೆಯನ್ನು ನೆರಳಿಗೆ ಕಟ್ಟಿ, ಬಟ್ಟಲಿನಲ್ಲಿ ನೀರು ಹನಿಸುತ್ತ ಅಲ್ಲೇ ಕೂತಳು. ವೈಶಾಖದ ಬಿಸಿಲು, ಎರಡನೇ ದಿನಕ್ಕೆ ಎಲೆಗಳು ಕಾಗದದಂತಾದವು, ನಾಲ್ಕನೇ ದಿನ ಗುಂಡಿಯಲ್ಲಿ ಏನೂ ಇರಲಿಲ್ಲ. ಇನ್ನರ್ಧ ಗುರುಪಾದಪ್ಪ ಮಲಪ್ರಭೆಯ ದಂಡೆಗೆ ಒಯ್ದರು. ಮುಂದಿನ ಸಂಕ್ರಾಂತಿಗೆ ಪ್ರದರ್ಶನಕ್ಕೆ ಬಂದವರು ಮೈದಾನಕ್ಕೆ ಹೋಗುವ ಮೊದಲು ನಮ್ಮ ಮನೆಗೆ ಬಂದು ಹೊಸ್ತಿಲಲ್ಲೇ ನಿಂತು, "ಒಂದೂ ಹತ್ತಲಿಲ್ಲವ್ವ" ಎಂದು ಹೇಳಿ ಹೋದರು. ತಮ್ಮ ಹಳೆಯ ಜಾತಿಯ ಕಾಯಿಯಿಂದಲೇ ಆ ವರ್ಷ ಅವರು ಗೆದ್ದರಂತೆ. ಆಮೇಲೆ ಅವರು ಆ ಕಡೆ ಬರಲಿಲ್ಲ. ಈಗ ಅವರಿಲ್ಲ, ಅಜ್ಜಿಯಿಲ್ಲ, ಅವ್ವನೂ ಇಲ್ಲ. ಬೇಸಿಗೆಯಲ್ಲಿ ಹಿನ್ನೀರು ಸರಿದಾಗ ಹೊಲ ಈಗಲೂ ಮೇಲೆ ಬರುತ್ತಿರಬೇಕು. ಬೇವಿನ ಬೊಡ್ಡೆ ಕರಗಿಹೋಗಿದೆ. ನಾನು ಒಮ್ಮೆ ಹೋಗಿ ನಿಂತಿದ್ದೆ, ಎಲ್ಲಿಂದ ಎಲ್ಲಿಯತನಕ ನಮ್ಮದು ಎಂದು ನನಗೆ ಗೊತ್ತಾಗಲಿಲ್ಲ.

ನಾನು ಒಡೆಯದೆ ಇದ್ದದ್ದು ಪ್ರೀತಿಗೆ, ಹತ್ತು ವರ್ಷದ ಹುಡುಗಿಯದು ಏನು ತಪ್ಪು ಎಂದು ನೀವು ಹೇಳಬಹುದು. ನಾನೂ ನನಗೆ ಹಾಗೆ ಹೇಳಿಕೊಂಡು ನೋಡಿದ್ದೇನೆ, ಹತ್ತುವುದಿಲ್ಲ. ಅಜ್ಜ, ಕಾಕಾ, ಮುಳುಗಿದ ಒಂದು ಊರು ಇಷ್ಟು ದೂರ ನಡೆಸಿಕೊಂಡು ಬಂದದ್ದು ನನ್ನ ಕೈಯಲ್ಲಿ ನಿಂತುಹೋಯಿತು. ಅಜ್ಜಿಗೆ ನಾನು ಕೊನೆಯವರೆಗೂ ಹೇಳಲಿಲ್ಲ. ಕಾಯಿಯ ಮೇಲಿನ ಸುಣ್ಣದ ಗೀರನ್ನು ಅವಳು ನೋಡಿದ್ದಳೋ ಇಲ್ಲವೋ, ಅವಳೂ ಕೇಳಲಿಲ್ಲ.

ಸಂತೆಯಿಂದ ತಂದ ಎರಡು ಹೋಳುಗಳಿಂದ ಪ್ರತಿ ವಾರ ಮೊದಲು ಬೀಜ ತೆಗೆಯುತ್ತೇನೆ. ಅಂಚಿನಲ್ಲಿ ಬೂದುಬಣ್ಣದ ಗೆರೆ ಇದೆಯೇ ಎಂದು ನೋಡುತ್ತೇನೆ. ಇರುವುದಿಲ್ಲ, ಇರುವುದು ಸಾಧ್ಯವಿಲ್ಲ ಎಂದೂ ಗೊತ್ತು. ಆದರೂ ತೊಳೆದು, ಅಡುಗೆಮನೆಯ ಮೂಲೆಯಲ್ಲಿ ಪತ್ರಿಕೆ ಹಾಸಿ, ನೆರಳಿನಲ್ಲಿ ಒಣಗಲು ಹರಡುತ್ತೇನೆ. ಬಿಸಿಲಿನಲ್ಲಿ ಅಲ್ಲ. ಒಣಗಿದ ಮೇಲೆ ಡಬ್ಬಿಯಲ್ಲಿ ಕೂಡಿಸಿ, ಅದು ತುಂಬಿದ ದಿನ ಬೊಗಸೆಯಿಂದ ಅಳೆದು, ಹಿತ್ತಲಿನ ಕಲ್ಲಿನ ಮೇಲೆ ಹಕ್ಕಿಗಳಿಗೆ ಸುರಿದುಬಿಡುತ್ತೇನೆ. ನನ್ನ ಬೊಗಸೆ ಸಣ್ಣದು. ಮೂರು ಅಳೆದರೂ ಕಾಕಾನ ಎರಡಾಗುವುದಿಲ್ಲ.